ದಿಂಬುಗಲ್ಲಿನ ಬಾವಿ

ಬಾವಿಗೆ ಇಳಿಸುವ ಮುಂಚೆ ಕ್ರೇನಿನ ಚನ್ನೇಶ ಮೂರು ಮಾತು ಹೇಳಿಕೊಟ್ಟ.

"ಎಳಿ ಅಂದ್ರೆ ಎಳೀತೀನಿ. ನಿಲ್ಸು ಅಂದ್ರೆ ನಿಲ್ಲಿಸ್ತೀನಿ. ಬುಡು ಅಂದ್ರೆ ಬುಡ್ತೀನಿ. ಅಷ್ಟೇ ಮೇಡಂ. ನಾಕ್ನೇ ಮಾತು ನಂಗೆ ಕೇಳ್ಸಾಕಿಲ್ಲ, ಇಂಜಿನ್ ಸೌಂಡು."

ತೇಜಸ್ವಿನಿ ತಲೆಯಾಡಿಸಿದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಹೋದ ಬೆರಳು ಎರಡು ಸಲ ಜಾರಿತು.

"ಹೆದ್ರುಕೋಬೇಡಿ. ಬಿದರೆಹಳ್ಳ ಕಾವಲ್‌ನಾಗೆ ಹೆಲಿಕಾಪ್ಟರ್ ಫ್ಯಾಕ್ಟ್ರಿ ಆದಾಗ ನಾನೂ ಅರ್ಜಿ ಹಾಕಿದ್ದೆ. ಮೇಲಕ್ಕೆ ಹಾರ್ಸೋ ಕೆಲ್ಸ ಸಿಗ್ಲಿಲ್ಲ, ಕೆಳಕ್ಕೆ ಇಳ್ಸೋ ಕೆಲ್ಸ ಸಿಕ್ತು. ಇವತ್ತಿನ ಗಂಟ ಒಬ್ರುನ್ನೂ ಬೀಳ್ಸಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

ಕ್ರೇನ್ ಇದ್ದದ್ದು ಬಾವಿಯ ಬಾಯಿಂದ ಹಿಂದಕ್ಕೆ, ಎರಡು ವಾರದಿಂದ ತೆಗೆದು ಸುರಿದ ಹೂಳಿನ ಗುಡ್ಡೆಯ ಆಚೆ. ಅಲ್ಲಿ ಕೂತ ಚನ್ನೇಶನಿಗೆ ಬಾವಿಯ ಒಳಗು ಕಾಣದು. ಬಾವಿಯ ಮೇಲೆ ನಿಲ್ಲಿಸಿದ್ದ ಕಬ್ಬಿಣದ ಮುಕ್ಕಾಲಿಯ ರಾಟೆಯಿಂದ ತಂತಿಹಗ್ಗ ಇಳಿಬಿದ್ದಿತ್ತು. ಅದನ್ನು ಅವರೆಲ್ಲ ರೋಪು ಎನ್ನುತ್ತಿದ್ದರು. ರೋಪಿನ ತುದಿಯಲ್ಲಿ ಹೂಳೆತ್ತುವ ದೊಡ್ಡ ಬಕೆಟ್. ಹೂಳು ತೆಗೆಯುವ ಆಳುಗಳು ಕೆಲಸ ಮುಗಿಸಿ ಹಿಂದಿನ ದಿನವೇ ಹೋಗಿದ್ದರು. ಚನ್ನೇಶನೂ ಕ್ರೇನ್ ಬಿಚ್ಚಿ ಹೊರಡುವವನಿದ್ದ. ಇದೊಂದು ಕೆಲಸಕ್ಕೆ ನಿಂತಿದ್ದ.

ಬಾವಿ ಹಾಗಲವಾಡಿಯ ಹತ್ತಿರ, ವೆಂಕಟರಂಗಯ್ಯನವರ ತೆಂಗಿನ ತೋಟದ ಅಂಚಿನಲ್ಲಿತ್ತು. ಕೊಳವೆ ಬಾವಿಗಳು ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಈಗ ಮಳೆ ನೀರು ಇಂಗಿಸಲೆಂದು ಅವರು ಹೂಳು ತೆಗೆಸಿದ್ದರು. ಆ ಹೂಳಿನಲ್ಲಿ ಮೇಲೆ ಬಂದ ಒಂದು ಹಸಿರುಗಪ್ಪು ಕಲ್ಲಿನ ಚೂರು ತೇಜಸ್ವಿನಿಯ ನಿದ್ದೆ ಕೆಡಿಸಿತ್ತು.

ಅವಳು ಕುಣಿಗಲ್ಲಿನವಳು. ತುಮಕೂರಿನಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದಳು. ಅವಳ ಮಾರ್ಗದರ್ಶಕರು ಗುರುಪ್ರಕಾಶ್. ಗುಬ್ಬಿ ತಾಲ್ಲೂಕಿನ ಈ ಗುಡ್ಡಗಳ ಲಾವಾ ಕಲ್ಲುಗಳು ಸುಮಾರು ಇನ್ನೂರ ಅರವತ್ತು ಕೋಟಿ ವರ್ಷ ಹಿಂದಿನವು, ಸಮುದ್ರದಡಿಯಲ್ಲಿ ಹರಿದವು. ಇದರಲ್ಲಿ ಅವರಿಬ್ಬರಿಗೂ ಅನುಮಾನವಿರಲಿಲ್ಲ. ಅದು ಎಂಥ ಸಮುದ್ರ ಎಂಬುದೇ ಪ್ರಶ್ನೆ. ಒಂದು ಕಡಲತಳ ಇನ್ನೊಂದರ ಅಡಿಗೆ ಜಾರಿ ಇಳಿದರೆ ಮೇಲೆ ಅಗ್ನಿಪರ್ವತಗಳ ದ್ವೀಪಮಾಲೆ ಏಳುತ್ತದೆ. ಕೆಲವೊಮ್ಮೆ ಆ ದ್ವೀಪಮಾಲೆಯ ಬೆನ್ನ ಹಿಂದೆ ನೆಲ ಹಿಗ್ಗುತ್ತದೆ, ತೆಳುವಾಗುತ್ತದೆ, ಕೊನೆಗೆ ಬಿರಿಯುತ್ತದೆ. ಬಿರುಕಿನಿಂದ ಉಕ್ಕಿದ ಲಾವಾವೇ ತಳವಾಗಿ ಅಲ್ಲೊಂದು ಹೊಸ ಕಡಲು ತೆರೆದುಕೊಳ್ಳುತ್ತದೆ. ಇಲ್ಲಿ ಆದದ್ದು ಅದೇ, ಮೊದಲು ದ್ವೀಪ, ಆಮೇಲೆ ಕಡಲು ಎಂಬುದು ತೇಜಸ್ವಿನಿಯ ವಾದ.

ಎರಡು ಲಾವಾಗಳನ್ನೂ ಪ್ರಯೋಗಾಲಯದಲ್ಲಿ ಬೇರೆ ಮಾಡಿ ಹೇಳಬಹುದು. ದ್ವೀಪದ ಲಾವಾದಲ್ಲಿ ನಿಯೋಬಿಯಂ ಎಂಬ ಧಾತು ಎದ್ದು ಕಾಣುವಷ್ಟು ಕಡಿಮೆ. ಬಿರಿದ ಕಡಲಿನ ಲಾವಾದಲ್ಲಿ ಆ ಕೊರತೆ ಮಾಸುತ್ತ ಹೋಗುತ್ತದೆ. ಬಾವಿಯ ಬಾಯಿ ಬಳಿಯ ಬಂಡೆ ದ್ವೀಪದ್ದು ಎಂದು ಫಲಿತಾಂಶ ಬಂದಿತ್ತು. ತಳದಿಂದ ಮೇಲೆ ಬಂದ ಚೂರು ಕಡಲಿನದು. ತೊಂದರೆ ಹುಟ್ಟಿದ್ದೇ ಅಲ್ಲಿ.

"ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಅಂದ್ರೆ ಕಡಲು ಮೊದಲು, ದ್ವೀಪ ಆಮೇಲೆ. ನಿನ್ನ ವಾದ ಅಲ್ಲಿಗೆ ಮುಗೀತಲ್ಲಮ್ಮ," ಎಂದಿದ್ದರು ಗುರುಪ್ರಕಾಶ್.

"ಪದರಗಳೇ ತಲೆಕೆಳಗಾಗಿ ಮಡಚಿಕೊಂಡಿದ್ರೆ ಸರ್?"

"ಇದ್ರೆ ತೋರ್ಸು."

ತೋರಿಸುವುದಕ್ಕೆ ಇದ್ದ ದಾರಿ ಒಂದೇ. ನೀರೊಳಗೆ ಉಕ್ಕಿದ ಲಾವಾ ಉಂಡೆಯುಂಡೆಯಾಗಿ ಹೆಪ್ಪುಗಟ್ಟುತ್ತದೆ. ದಿಂಬು ಒಟ್ಟಿದ ಹಾಗೆ ಕಾಣುವುದರಿಂದ ದಿಂಬುಗಲ್ಲು ಎನ್ನುತ್ತಾರೆ. ಪ್ರತಿ ದಿಂಬಿನ ಮೇಲ್ಭಾಗ ಗುಂಡಗಿರುತ್ತದೆ. ಅಡಿ ಇನ್ನೂ ಮೆತ್ತಗಿರುವಾಗಲೇ ಕೆಳಗಿನೆರಡು ದಿಂಬುಗಳ ಸಂದಿಗೆ ಜೋತುಬಿದ್ದು ಬಾಲದಂತೆ ಚೂಪಾಗುತ್ತದೆ. ಬಾಲ ಕೆಳಗಿದ್ದರೆ ಪದರ ನೆಟ್ಟಗಿದೆ. ಬಾಲ ಮೇಲಕ್ಕಿದ್ದರೆ ಇಡೀ ಪದರ ಮಗುಚಿ ಬಿದ್ದಿದೆ. ಮೇಲೆ ತಂದ ಚೂರು ಇದನ್ನು ಹೇಳದು. ಕಲ್ಲು ಇದ್ದ ಜಾಗದಲ್ಲೇ ನೋಡಬೇಕು. ದಾರಕ್ಕೆ ಕಟ್ಟಿ ಇಳಿಬಿಟ್ಟ ಫೋನಿನ ಚಿತ್ರದಲ್ಲಿ ಕೆಸರು ಬಿಟ್ಟರೆ ಏನೂ ಬಂದಿರಲಿಲ್ಲ. ಗೋಡೆಯನ್ನು ತೊಳೆದು ಉಜ್ಜಿ ನೋಡುವವರು ಬೇಕಿತ್ತು.

"ನಾಳೆ ಬೆಳಗಾದ್ರೆ ಗಾರೆಯೋರು ಬತ್ತಾರೆ ಕಣವ್ವ," ಎಂದರು ವೆಂಕಟರಂಗಯ್ಯ. "ಸುತ್ತ ಗೋಡೆ ಕಟ್ಟುಸ್ಬುಡ್ತೀನಿ. ಕಲ್ಲು ಅಲ್ಲಲ್ಲೇ ಸಡಿಲ ಆಗದೆ. ನೋಡಂಗಿದ್ರೆ ಇವತ್ತೇ ನೋಡ್ಕೊ. ಇಲ್ದಿದ್ರೆ ಬ್ಯಾಡ. ನನ್ ಮಾತು ಕೇಳೋದಾದ್ರೆ ಬ್ಯಾಡ."

"ನಾನು ಇಳೀಲಾ?" ಎಂದು ಗುರುಪ್ರಕಾಶ್ ಕೇಳಿದರು. ಐವತ್ತೈದು ದಾಟಿದ, ಮಂಡಿ ನೋವಿನ ಮನುಷ್ಯ. ಅವರು ಕೇಳಿದ ರೀತಿಯಲ್ಲೇ ಉತ್ತರ ಇತ್ತು.

ತೇಜಸ್ವಿನಿಗೆ ಬಾವಿ ಎಂದರೆ ಚಿಕ್ಕಂದಿನಿಂದಲೂ ಭಯ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದರ ಕೊಕ್ಕೆಯನ್ನು ಬಕೆಟ್ಟಿನ ಸರಪಳಿಗೆ ಸಿಕ್ಕಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡ ಫೋನಿನಲ್ಲಿ ವಿಡಿಯೊ ಒತ್ತಿದಳು. ಸುತ್ತಿಗೆ, ಬ್ರಷ್, ನೀರಿನ ಬಾಟಲಿ ಇದೆಯೇ ಎಂದು ಮುಟ್ಟಿ ನೋಡಿ, ಬಕೆಟ್ಟಿನೊಳಗೆ ಕಾಲಿಟ್ಟಳು.

"ಬುಡು," ಎಂದಳು. ಮೆಲ್ಲಗೆ ಅಂದದ್ದು ಕ್ರೇನಿನ ತನಕ ಹೋಗಲಿಲ್ಲ. ವೆಂಕಟರಂಗಯ್ಯ ಗುಡ್ಡೆಯ ಕಡೆ ತಿರುಗಿ ಕೂಗಿದರು: "ಬುಡ್ಲಾ!"

ನೆಲ ಮೇಲಕ್ಕೆ ಹೋಯಿತು.

ಮೊದಲು ಹಳೆಯ ಕಲ್ಲುಕಟ್ಟಡ, ಅದರ ಸಂದಿಯಲ್ಲಿ ಬೇರು. ಬೇರಿಗೆ ಸುತ್ತಿಕೊಂಡ ಹಾವಿನ ಪೊರೆ. ಅದು ಪೊರೆಯೇ ಎಂದು ಗೊತ್ತಾಗುವಷ್ಟರಲ್ಲಿ ಅವಳ ಕೈ ಸರಪಳಿಯನ್ನು ಬಿಗಿಯಾಗಿ ಹಿಡಿದಿತ್ತು. ಕಟ್ಟಡ ಮುಗಿದು ಬಂಡೆ ಶುರುವಾಯಿತು. ಇಂಜಿನ್ನಿನ ಸದ್ದು ಈಗ ಮೇಲಿನಿಂದ ಬರುತ್ತಿರಲಿಲ್ಲ, ಗೋಡೆಯೊಳಗಿಂದ ಬರುತ್ತಿತ್ತು. ತಲೆಯೆತ್ತಿದರೆ ಆಕಾಶ ಒಂದು ತಟ್ಟೆಯಷ್ಟು, ಅದರ ಅಂಚಿನಲ್ಲಿ ಎರಡು ತಲೆ. ಬಗ್ಗಿದರೆ ಕಪ್ಪು. ಬಕೆಟ್ ನಿಧಾನವಾಗಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಯಾವ ಕಡೆಯ ಗೋಡೆಯನ್ನು ಮೊದಲು ನೋಡಿದ್ದೆ ಎಂಬುದು ಅವಳಿಗೆ ತಪ್ಪಿಹೋಯಿತು.

"ನಿಲ್ಸು!"

ನಿಂತಿತು. ಹಾಗೆ ನಿಂತಿದ್ದು ಅವಳಿಗೆ ಸ್ವಲ್ಪ ಧೈರ್ಯ ಕೊಟ್ಟಿತು. ತಲೆಯ ದೀಪ ಹೊತ್ತಿಸಿ ಗೋಡೆಗೆ ನೀರು ಚೆಲ್ಲಿ ಉಜ್ಜಿದಳು. ಕಲ್ಲು ಕೊಳೆತು ಕೆಂಪಾಗಿತ್ತು. ದಿಂಬಿನ ಅಂಚು ಇದೆಯೋ ಇಲ್ಲವೋ ಹೇಳಲಾಗದು. ಮೇಲ್ಪದರ ಒಡೆದು ನೋಡೋಣವೆಂದು ಸುತ್ತಿಗೆ ಎತ್ತಿದಳು. ಒದ್ದೆ ಕೈ. ಸುತ್ತಿಗೆ ಜಾರಿ ಬಕೆಟ್ಟಿನ ಅಂಚಿಗೆ ಬಡಿದು ಕೆಳಗೆ ಹೋಯಿತು. ನೀರಿಗೆ ಬಿದ್ದ ಸದ್ದು ಬರಲು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಏನದು?" ಗುರುಪ್ರಕಾಶ್ ಮೇಲಿನಿಂದ ಕೂಗಿದರು. "ಏನು ಬಿತ್ತು? ಸುತ್ತಿಗೆನಾ?"

ತುಮಕೂರಿಗೆ ಬಂದ ಮೇಲೆ ತೇಜಸ್ವಿನಿ ತನ್ನ ಮಾತು ತಿದ್ದಿಕೊಂಡಿದ್ದಳು. ಸೆಮಿನಾರುಗಳಲ್ಲಿ ಅವಳ ಬಾಯಿಂದ 'ಬಿಡಿ' ಬರುತ್ತಿತ್ತು, 'ಬುಡು' ಬರುತ್ತಿರಲಿಲ್ಲ. ಆದರೆ ಹೆದರಿದ ಬಾಯಿಗೆ ಬರುವುದು ಮನೆಯ ಮಾತು.

"ಹೂಂ ಸರ್, ಸುತ್ತಿಗೆ! ಹೋದ್ರೆ ಹೋಗ್ಲಿ, ಬುಡು!"

ಚನ್ನೇಶನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಅವನು ಬ್ರೇಕ್ ಬಿಟ್ಟ.

ಕಾಲ ಕೆಳಗಿನದು ಇಲ್ಲವಾಯಿತು. ಅವಳು ಕೂಗಲಿಲ್ಲ, ಕೂಗುವುದಕ್ಕೆ ಉಸಿರು ಇರಲಿಲ್ಲ. ಗೋಡೆ ಕೆಂಪಾಗಿ, ಕಪ್ಪಾಗಿ, ಗೆರೆಗಳಾಗಿ ಮೇಲಕ್ಕೆ ಓಡಿತು. ಮೇಲೆ ಯಾರೋ "ನಿಲ್ಸೋ, ಏಯ್, ನಿಲ್ಸೋ!" ಎಂದರು. ಬಕೆಟ್ ನೀರಿಗೆ ಅಪ್ಪಳಿಸಿ, ಒಂದು ಬದಿಗೆ ವಾಲಿ, ಕೆಸರು ಅವಳ ಸೊಂಟದ ತನಕ ನುಗ್ಗಿತು. ತಣ್ಣಗೆ. ರೋಪು ಜಗ್ಗಿ ನಿಂತಿತು.

"ತೇಜಸ್ವಿನಿ! ತೇಜಸ್ವಿನೀ!"

"ಇದೀನಿ," ಎಂದಳು. ಅವಳಿಗೇ ಕೇಳಿಸಲಿಲ್ಲ. ಬಾಯಲ್ಲಿ ಮಣ್ಣಿತ್ತು.

ಮೇಲೆ ಜಗಳ ನಡೆದಿತ್ತು. ಗುರುಪ್ರಕಾಶ್ ಹೂಳಿನ ಗುಡ್ಡೆ ಹತ್ತಿ ಅರಚುತ್ತಿದ್ದರು. ಬಾವಿ ಅದನ್ನು ಇನ್ನಷ್ಟು ದೊಡ್ಡದು ಮಾಡಿ ಕೆಳಕ್ಕೆ ಇಳಿಸುತ್ತಿತ್ತು.

"ಬುದ್ಧಿ ಇದೆಯೇನ್ರೀ ನಿಮಗೆ?"

"ಬುಡು ಅಂದ್ರಲ್ಲ ಸಾರ್! ಬುಡು ಅಂದ್ರೆ ಬುಡದಲೇ ಇನ್ನೇನ್ ಮಾಡ್ಲಿ?"

"ಅದು ಮಾತಿಗೆ ಅಂದಿದ್ದು ಕಣಯ್ಯ! ಇನ್ಮೇಲೆ ಅವಳು ಬುಡು ಅಂದ್ರೂ ಬಿಡಬೇಡ. ಗೊತ್ತಾಯ್ತಾ? ಏನೇ ಅಂದ್ರೂ ಬಿಡಬೇಡ. ಎಳಿ ಮೊದಲು, ಎಳಿ!"

ಬಕೆಟ್ ಕೆಸರಿನಿಂದ ಕಿತ್ತು ಎದ್ದಿತು. ಆದರೆ ರೋಪಿಗೆ ತಿರುಚು ಬಿದ್ದಿತ್ತು. ಬಕೆಟ್ ಸುತ್ತುತ್ತ, ತೂಗುತ್ತ ಗೋಡೆಯ ಕಡೆ ಸರಿಯಿತು. ಅಲ್ಲಿ ಗೋಡೆಯಿಂದ ಒಂದು ಕಲ್ಲು ಹೊಟ್ಟೆ ಬಿಟ್ಟಂತೆ ಹೊರಚಾಚಿತ್ತು. ಬಕೆಟ್ಟಿನ ಅಂಚು ಅದರ ಅಡಿಗೆ ಹೋಗಿ ಸಿಕ್ಕಿತು. ಇಂಜಿನ್ ಎಳೆಯುತ್ತಲೇ ಇತ್ತು. ಬಕೆಟ್ ಓರೆಯಾಯಿತು. ಅವಳ ಕಾಲು ಜಾರಿತು. ಬೆಲ್ಟ್ ಹೊಟ್ಟೆಯನ್ನು ಕುಯ್ಯುವಂತೆ ಬಿಗಿದು ಅವಳನ್ನು ಹಿಡಿದುಕೊಂಡಿತು.

"ನಿಲ್ಸು! ನಿಲ್ಸು!"

ಎಳೆತ ನಿಂತಿತು. ಇಂಜಿನ್ ಗುರುಗುಟ್ಟುತ್ತಿತ್ತು. ರೋಪು ಬಿಗಿದು ಸಣ್ಣಗೆ ನಡುಗುತ್ತಿತ್ತು.

ತಲೆಯ ಮೇಲೆ, ಕೈಗೆ ಎಟುಕುವಷ್ಟು ಹತ್ತಿರದಲ್ಲಿ, ರಾಗಿ ಮೂಟೆಯಷ್ಟು ದಪ್ಪದ ಕಲ್ಲು. ಬಕೆಟ್ ಅದನ್ನು ಅಡಿಯಿಂದ ಮೀಟಿ ಗೋಡೆಯಿಂದ ಅರ್ಧ ಕಿತ್ತಿತ್ತು. ಸುತ್ತಲ ಸಂದಿಯಿಂದ ಕೆಸರು ನೀರು ಹನಿಹನಿಯಾಗಿ ಅವಳ ಹೆಲ್ಮೆಟ್ಟಿನ ಮೇಲೆ ಬೀಳತೊಡಗಿತು. ಹನಿ, ಆಮೇಲೆ ಎಳೆ, ಎಳೆಯ ಜೊತೆ ಮರಳು. ಪ್ರತಿ ಸಲ ಮರಳು ಉದುರಿದಾಗ ಕಲ್ಲು ಒಂದು ಕೂದಲೆಳೆಯಷ್ಟು ಮುಂದೆ ಬರುತ್ತಿತ್ತು. ಅವಳ ತಲೆದೀಪ ಅದರ ಮೇಲೇ ಇತ್ತು. ಕಣ್ಣು ಕೀಳಲು ಆಗಲಿಲ್ಲ.

ಆಗ ಅವಳಿಗೆ ಬಾಲ ಕಂಡಿತು.

ಕಲ್ಲಿನ ಗುಂಡು ಬದಿ ಅವಳ ಕಡೆಗಿತ್ತು, ಕೆಳಕ್ಕೆ. ಚೂಪು ತುದಿ ಮೇಲಕ್ಕೆ ಹೋಗಿ ಎರಡು ಕಲ್ಲುಗಳ ನಡುವೆ ಸೇರಿತ್ತು. ಪಕ್ಕದ ಕಲ್ಲೂ ಹಾಗೆಯೇ. ಅದರಾಚೆಯದೂ. ಹೂಳಿನಡಿ ಕೊಳೆಯದೆ ಉಳಿದಿದ್ದ ಗೋಡೆಯ ತುಂಬ ದಿಂಬುಗಳು, ಎಲ್ಲ ತಲೆಕೆಳಗು. ದ್ವೀಪ ಮೊದಲು, ಕಡಲು ಆಮೇಲೆ. ಅವಳ ವಾದ ಸರಿಯಿತ್ತು. ಅವಳಿಗೆ ಖುಷಿ ಎನ್ನುವುದು ಒಂದು ಚೂರೂ ಆಗಲಿಲ್ಲ. ಈ ಕಲ್ಲು ಬಿದ್ದರೆ ಕುತ್ತಿಗೆಯ ಮೇಲೆ ಬೀಳುತ್ತದೋ ಹೆಗಲ ಮೇಲೋ ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಎಳೆದರೆ ಕಲ್ಲು ಬರುತ್ತದೆ. ಹೀಗೇ ಇದ್ದರೂ ಬರುತ್ತದೆ. ರೋಪು ಸಡಿಲಿಸಿದರೆ ಮಾತ್ರ ಬಕೆಟ್ ಅಂಚು ಕಳಚಿಕೊಂಡು ಬಾವಿಯ ನಡುವಿಗೆ ತೂಗುತ್ತದೆ. ಮತ್ತೆ ಬೀಳಬೇಕು. ಅದಕ್ಕೆ ಇದ್ದದ್ದು ಒಂದೇ ಮಾತು.

ಬಾಯಿ ತೆರೆದಳು. ಆ ಮಾತು ನಾಲಗೆಯಿಂದ ಮುಂದಕ್ಕೆ ಬರಲಿಲ್ಲ.

ಮರಳು ಉದುರಿತು.

"ಬುಡು!"

ಏನೂ ಆಗಲಿಲ್ಲ.

"ಬುಡು! ಬುಡು ಅಂದೆ!"

"ಗಾಬರಿ ಆಗಿದಾಳೆ," ಗುರುಪ್ರಕಾಶರ ದನಿ ಸ್ಪಷ್ಟವಾಗಿ ಇಳಿದು ಬಂತು. "ಸ್ಯಾಂಪಲ್ ಹೋಗ್ಲಿ ಅಂತಿರ್ಬೇಕು. ತೇಜಸ್ವಿನಿ, ಕಲ್ಲು ಬೇಡಮ್ಮ, ಏನೂ ಬೇಡ! ಮೇಲೆ ಬಾ! ಚನ್ನೇಶ, ಬಿಡಬೇಡ, ಎಳಿ!"

ಇಂಜಿನ್ನಿನ ಸದ್ದು ಏರಿತು. ರೋಪು ಕಿರುಗುಟ್ಟಿತು. ಕಲ್ಲು ಸದ್ದು ಮಾಡಿತು; ಹಲ್ಲು ಕೀಳುವಾಗ ದವಡೆಯೊಳಗೆ ಕೇಳಿಸುವಂಥ ಸದ್ದು.

ಕೂಗಿದಷ್ಟೂ ಅವರು ಎಳೆಯುತ್ತಾರೆ ಎಂಬುದು ಅವಳಿಗೆ ಹೊಳೆಯಿತು. ಮಾತು ಸರಿಯಾಗಿಯೇ ಇತ್ತು. ಆಗ ಅದಕ್ಕೆ ಮೊದಲು 'ಹೋಗ್ಲಿ' ಇತ್ತು, ಈಗ ಏನೂ ಇರಲಿಲ್ಲ. ಅವರು ಈಗಲೂ ಆ ಹಳೆಯ 'ಹೋಗ್ಲಿ'ಯನ್ನೇ ಕೇಳುತ್ತಿದ್ದರು. ಅದಕ್ಕೆ ಮೊದಲು ಬೇರೆ ಏನಾದರೂ ಇಡಬೇಕು. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಸರಪಳಿ ಹಿಡಿದು, ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು.

"ರೋಪು! ರೋಪು ಬುಡು! ಚನ್ನೇಶಣ್ಣಾ, ರೋಪು ಬುಡೂ!"

ವೆಂಕಟರಂಗಯ್ಯ ಬಾವಿಯಂಚಿನಲ್ಲಿ ಎದೆಯೂರಿ ಮಲಗಿದ್ದರು. ಅವರ ದನಿ ಸಿಡಿಯಿತು.

"ರೋಪು ಬುಡು ಅಂತಾವ್ಳೆ ಕಣ್ಲಾ! ಸಿಕ್ಕಾಕ್ಕೊಂಡದೆ! ರೋಪು ಬುಡ್ಲಾ!"

"ಸಾರ್ ಬ್ಯಾಡ ಅಂತಾರೆ!"

"ನಿಮ್ ಸಾರ್ ಮನೆ ಹಾಳಾಗ! ನನ್ ಬಾವಿ, ನಾನೇಳ್ತೀನಿ, ಬುಡು!"

ಬಿಟ್ಟ.

ಈ ಸಲ ಅವಳು ಕೂಗಿದಳು. ಬಕೆಟ್ ಅಂಚು ಕಳಚಿ, ನಡುವಿಗೆ ತೂಗಿ, ನೀರಿಗೆ ಬಿತ್ತು. ಅದರ ಹಿಂದೆಯೇ ಕಲ್ಲು ಬಿತ್ತು. ಅವಳು ಒಂದು ಕ್ಷಣ ಮುಂಚೆ ಇದ್ದ ಜಾಗದ ಮೂಲಕ ಹಾದು, ಮೊಣಕೈ ಪಕ್ಕದಲ್ಲಿ ನೀರೊಡೆದು ಕೆಸರಿಗೆ ಹೋಯಿತು. ಎದ್ದ ನೀರು ಅವಳ ಮುಖ ತೊಳೆಯಿತು. ಇಂಜಿನ್ನಿನ ಸದ್ದು ತಗ್ಗಿತ್ತು; ಬಾವಿಯಲ್ಲಿ ಅಲೆ ಗೋಡೆಗೆ ಬಡಿಯುವ ಸದ್ದು ಕೇಳುತ್ತಿತ್ತು.

ಬಕೆಟ್ ತೂಗಾಟ ನಿಲ್ಲುವ ತನಕ ಅವಳು ಕಾದಳು. ಮೇಲಿನವರೂ ಕಾದರು.

"ಎಳಿ," ಎಂದಳು ಕೊನೆಗೆ. ಮೆಲ್ಲಗೆ ಅಂದದ್ದೂ ಮೇಲೆ ಕೇಳಿಸಿತು.

*

ತೋಟದ ನೆರಳಲ್ಲಿ ವೆಂಕಟರಂಗಯ್ಯನವರ ಹೆಂಡತಿ ದೊಡ್ಡಗಂಗಮ್ಮ ಅವಳಿಗೆ ಕಂಬಳಿ ಹೊದಿಸಿ ಕಾಫಿ ಕೊಟ್ಟರು. ಆಕೆಯೇ ಲೋಟ ಹಿಡಿದು ಕುಡಿಸಿದರು.

"ಇನ್ನೊಂದಿಷ್ಟು ಕುಡಿ ಮಗಾ."

"ಸಾಕು ಬು..." ಎಂದು ತೇಜಸ್ವಿನಿ ಬಾಯಿ ಮುಚ್ಚಿಕೊಂಡಳು.

ಚನ್ನೇಶ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಎರಡೂ ಕೈ ಕಂಕುಳಲ್ಲಿ. "ಮೇಡಂ, ಇನ್ಮೇಕೆ ಆ ಮಾತು ಬ್ಯಾಡ. ಇಳ್ಸು ಅನ್ನಾನ," ಎಂದ.

ಗುರುಪ್ರಕಾಶ್ ಅವಳ ಫೋನನ್ನು ವೆಂಕಟರಂಗಯ್ಯನವರ ಹೆಗಲ ಪಂಚೆಯಲ್ಲಿ ಒರೆಸಿ ನೋಡುತ್ತಿದ್ದರು. ವಿಡಿಯೊ ಉಳಿದಿತ್ತು. ಅದರೊಳಗಿಂದ "ನಿಲ್ಸು! ನಿಲ್ಸು!" ಎಂಬ ದನಿ ಬಂದಾಗ ತೇಜಸ್ವಿನಿ ಕಿವಿ ಮುಚ್ಚಿದಳು. ಅವರು ಸದ್ದು ತೆಗೆದರು. ಸದ್ದಿಲ್ಲದ ಚಿತ್ರದಲ್ಲಿ ಗೋಡೆಯ ತುಂಬ ದಿಂಬುಗಳು, ಕಪ್ಪು ಅಂಚು, ಬಾಲ, ಎಲ್ಲ ಇತ್ತು. ಗುರುಪ್ರಕಾಶ್ ಫೋನನ್ನು ಒಮ್ಮೆ ಹೀಗೆ ಹಿಡಿದರು, ಒಮ್ಮೆ ಹಾಗೆ. ಚಿತ್ರ ಪ್ರತಿ ಸಲ ತಾನೇ ತಿರುಗಿಕೊಂಡಿತು. ಬಕೆಟ್ ಓರೆಯಾಗಿದ್ದಾಗಿನ ಚಿತ್ರ; ಫೋನ್ ಅವಳ ಕೊರಳಲ್ಲಿ ಯಾವ ಕಡೆ ತಿರುಗಿತ್ತೋ ಯಾರಿಗೂ ಗೊತ್ತಿಲ್ಲ.

"ಇದ್ರಲ್ಲಿ ಮೇಲೆ ಯಾವ ಕಡೆ?" ಎಂದರು. ಕೇಳಿದ ಮೇಲೆ ಕೇಳಬಾರದಿತ್ತು ಎಂಬಂತೆ ಅವಳ ಮುಖ ನೋಡಿದರು. "ಈಗ ಬೇಡಮ್ಮ. ನಾಳೆ ನೋಡೋಣ."

ಅವಳು ಕಂಬಳಿಯಿಂದ ಕೈ ತೆಗೆದು ಪರದೆಯ ಮೇಲೆ ಬೆರಳಿಟ್ಟಳು. ಕಲ್ಲಿನ ಸಂದಿಯಿಂದ ಕೆಸರು ನೀರು ಬೀಳುತ್ತಿತ್ತು. ಹನಿ, ಆಮೇಲೆ ಎಳೆ.

"ನೀರು ಬೀಳ್ತಿರೋ ಕಡೆ ಕೆಳಗೆ ಸರ್."

ಹನಿ ಬಾಲವನ್ನು ಹಿಂದೆ ಬಿಟ್ಟು ಗುಂಡು ಬದಿಯಿಂದ ಉದುರುತ್ತಿತ್ತು. ಗುರುಪ್ರಕಾಶ್ ಮೂರು ಸಲ ನೋಡಿದರು. ಒಂದು ಬಾವಿಯಿಂದ ಇಡೀ ಗುಡ್ಡದ ಮಾತು ಹೇಳಲಾಗದು, ಇನ್ನೂ ನಾಲ್ಕು ಜಾಗ ಬೇಕು ಎಂದು ಅವರು ಹೇಳಬೇಕಿತ್ತು. ಬೇರೆ ದಿನವಾಗಿದ್ದರೆ ಹೇಳುತ್ತಿದ್ದರು.

"ಮಗುಚಿದೆ," ಎಂದರು. "ನೀನು ಹೇಳಿದ್ದು ಸರಿ." ಸ್ವಲ್ಪ ತಡೆದು, "ಬುಡು ಅಂದಾಗ ನಾನು ಬಿಡಬೇಡ ಅಂದೆ," ಎಂದರು. ಫೋನನ್ನು ಅವಳ ಮಡಿಲಲ್ಲಿಟ್ಟರು.

ತುಮಕೂರಿಗೆ ಹಿಂತಿರುಗುವ ಜೀಪು ಗುಬ್ಬಿ ದಾಟುವಾಗ ಕುಣಿಗಲ್ಲಿನಿಂದ ಅವ್ವನ ಫೋನ್ ಬಂತು. ತೇಜಸ್ವಿನಿ ಬಾವಿಯ ಮಾತೆತ್ತಲಿಲ್ಲ. ಕೆಲಸ ಆಯಿತು, ಸುತ್ತಿಗೆ ಒಂದು ಕಳೆದುಹೋಯಿತು ಎಂದಳು.

"ಅಯ್ಯೋ, ಹೋದ್ರೆ ಹೋಗ್ಲಿ ಬುಡು," ಎಂದಳು ಅವ್ವ.

ರಸ್ತೆ ನೆಟ್ಟಗಿತ್ತು, ಜೀಪು ಮೆಲ್ಲಗೆ ಹೋಗುತ್ತಿತ್ತು. ತೇಜಸ್ವಿನಿಯ ಎಡಗೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಗುಬ್ಬಿ ಹಿಂದೆ ಹೋಯಿತು. ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಅವಳಿಗೆ ತುಮಕೂರಿನ ತನಕ ಆಗಲಿಲ್ಲ.